ಬಿಜಲಿ ಬಿಲ್ಡಿಂಗಿನ ದೊಡ್ಡವ್ವ

ಸುಳ್ಳು ಹೇಳಿದೆನಲ್ಲ ಎಂದು ಗುರುದೇವಿಗೆ ಅಷ್ಟು ಚಿಂತೆಯಿರಲಿಲ್ಲ. ಅದು ಎಷ್ಟು ಸಲೀಸಾಗಿ ಬಾಯಿಂದ ಹೊರಬಿತ್ತು ಎಂಬುದೇ ಚಿಂತೆಯಾಗಿತ್ತು. ಯಾರಾದರೂ ಹೆಸರು ಕೇಳಿದರೂ ಗಂಟಲು ಕಟ್ಟುವ ತಾನು, ಮನೆ ಕೇಳಲು ಹೋದಾಗ ಮಾತ್ರ, "ನಮ್ಮ ದೊಡ್ಡವ್ವ ನನ್ನ ಜೋಡಿ ಇರ್ತಾಳ್ರಿ, ಸೇಡಂದಾಕಿ" ಎಂದುಬಿಟ್ಟಿದ್ದಳು. ಆಕೆಗೆ ದೊಡ್ಡವ್ವನೇ ಇರಲಿಲ್ಲ. ಅವ್ವನೇ ತವರಿನ ಹಿರಿಯ ಮಗಳು.

ಇಷ್ಟಕ್ಕೆಲ್ಲ ಕಾರಣ ಒಂದು ಅಗಳಿ.

ಶಹಾಬಾದದ ಸ್ಟೇಷನ್ ರೋಡಿನಲ್ಲಿ ಹೊಸದಾಗಿ ಎದ್ದ ಎರಡಂತಸ್ತಿನ ಕಟ್ಟಡಕ್ಕೆ ಊರವರು ಬಿಜಲಿ ಬಿಲ್ಡಿಂಗ್ ಎಂದು ಹೆಸರಿಟ್ಟಿದ್ದರು. ನಿಜಾಮ ಸೀಮೆಯ ಮನೆಗಳಿಗೆಲ್ಲ ನೆಲ ಹಾಸಿದ್ದು ಶಹಾಬಾದದ ಕಲ್ಲು. ಆ ಕಲ್ಲು ಮಾರಿಯೇ ಸಾವಕಾರನಾದ ದೇವಿಂದ್ರಪ್ಪ ತನ್ನ ಬಿಲ್ಡಿಂಗಿಗೆ ಮಾತ್ರ ಒಂದು ಕಲ್ಲೂ ಹಾಸಿರಲಿಲ್ಲ. ಎಲ್ಲಾ ಸಿಮೆಂಟು, ಅದೇ ಹೊಸ ಫ್ಯಾಶನ್ನು. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಊರಿಗೆ ಬಿಜಲಿ ಕೊಡುವ ಸಿಮೆಂಟು ಕಾರ್ಖಾನೆಯವರು ಮನಸ್ಸು ಮಾಡಿದರೆ. ನಲ್ಲಿ ತಿರುವಿದರೆ ನೀರು ಬರುವ ಬದಲು ಉಬ್ಬಸದ ಮುದುಕನಂತೆ ಏದುಸಿರು ಬಿಡುತ್ತಿತ್ತು. ಮೇಲಂತಸ್ತಿನಲ್ಲಿ ಒಂದು ಖೋಲಿ ಖಾಲಿಯಿತ್ತು. ಅದರ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಕಬ್ಬಿಣದ ಅಗಳಿಯಿತ್ತು.

ಗುರುದೇವಿಯ ಚಿತ್ತಾಪುರದ ಮನೆಯಲ್ಲಿ ಹಗಲು ಬಾಗಿಲು ಮುಚ್ಚುವ ಪದ್ಧತಿಯೇ ಇಲ್ಲ. ಪುಸ್ತಕ ಹಿಡಿದರೆ ಅಣ್ಣ, "ಏನ್ ಓದಾಕತ್ತಿ?" ಬರೆಯಲು ಕುಳಿತರೆ ಅತ್ತಿಗೆ, "ಏನ್ ಬರ್ಯಾಕತ್ತಿ?" ಸುಮ್ಮನೆ ಕುಳಿತರೆ ಎಲ್ಲರೂ ಸೇರಿ, "ಏನಾಗ್ಯದ ಈಕಿಗಿ?" ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಶಹಾಬಾದದ ಹೆಣ್ಣುಮಕ್ಕಳ ಶಾಲೆಗೆ ಸೇರಿದ ಗುರುದೇವಿಗೆ ಜಗತ್ತಿನಲ್ಲಿ ಬೇಕಾದದ್ದು ಆ ಅಗಳಿಯೊಂದೇ.

ಆದರೆ ಸಾವಕಾರನ ಹೆಂಡತಿ ಮಹಾದೇವಮ್ಮ ಖಡಾಖಂಡಿತವಾಗಿ ಹೇಳಿದ್ದಳು. "ಒಂಟಿ ಹೆಣ್ಣಿಗಿ ಮನಿ ಕೊಡಂಗಿಲ್ರಿ ಅಕ್ಕೋರ. ನಿಮ್ಮ ಹಿರ್ಯಾರು ಬಂದು ಹಾಲು ಉಕ್ಕಿಸ್ಲಿ. ಯಾರು ಹಾಲು ಉಕ್ಕಿಸ್ತಾರ, ಅವರ ಕೈಯಾಗ ಕೀಲಿ."

ಒಬ್ಬಳೇ ಇರಬೇಕಾದರೆ ಮೊದಲು ಇಬ್ಬರಾಗಬೇಕಿತ್ತು.

ದಿನಾ ಚಿತ್ತಾಪುರದಿಂದ ಬಂದು ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಪೇರಲಹಣ್ಣು ಮಾರುವ ಭೀಮಮ್ಮ ಎದುರಾಗುತ್ತಿದ್ದಳು. ಗುರುದೇವಿ ನೆಲ ನೋಡುತ್ತ ಆಕೆಯನ್ನು ಕೇಳಿದಳು. ಒಂದು ದಿನದ ಮಟ್ಟಿಗೆ ದೊಡ್ಡವ್ವನಾಗಬೇಕು, ಹಾಲು ಉಕ್ಕಿಸಿ ಸಂಜೆಯ ಗಾಡಿಗೆ ಹೊರಟುಬಿಡಬೇಕು, ಒಂದು ಸೀರೆ ಕೊಡುತ್ತೇನೆ.

ಭೀಮಮ್ಮ ವಿಚಾರ ಮಾಡಿದಳು. "ಸೀರಿ ಉಟ್ಕೊಂಡು ದೊಡ್ಡವ್ವ ಆಗ್ಬೇಕೋ, ಆದ ಮ್ಯಾಲ ಕೊಡ್ತೀಯೋ?"

ನಿಜಾಮರ ರಾಜ್ಯದಲ್ಲಿ ಶುಕ್ರವಾರ ಶಾಲೆಗೆ ರಜೆ. ಭೀಮಮ್ಮ ಹೊಸ ಸೀರೆಯುಟ್ಟು, ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಶಹಾಬಾದದಲ್ಲಿ ಇಳಿದಳು. ಬುಟ್ಟಿ ಬಿಟ್ಟು ಬರಲು ಆಕೆ ಒಪ್ಪಿರಲಿಲ್ಲ.

"ಅಲ್ಲಿ ನೀ ಏನೂ ಮಾತಾಡಬ್ಯಾಡ," ಎಂದು ಗುರುದೇವಿ ದಾರಿಯುದ್ದಕ್ಕೂ ಬೇಡಿಕೊಂಡಳು. "ಏನ್ ಕೇಳಿದ್ರೂ ಹೂಂ ಅನ್ನು, ಸಾಕು."

"ಹೂಂ," ಎಂದಳು ಭೀಮಮ್ಮ. ಆ ದಿನ ಆಕೆ ಅಂದ ಹೂಂ ಅದೊಂದೇ.

ಖೋಲಿಗೆ ಕಾಲಿಟ್ಟವಳೇ ಭೀಮಮ್ಮ ದೀಪದ ಗುಂಡಿಯ ಕಡೆ ನೋಡಲಿಲ್ಲ, ನಲ್ಲಿಯ ಕಡೆಯೂ ನೋಡಲಿಲ್ಲ. ಅಗಳಿಯನ್ನು ಹಿಡಿದು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಹೊರಗಿನವ್ರಿಗಿ ಇದು ತೆಗಿಲಾಕ ಬರಂಗಿಲ್ಲೇನು?"

"ಬರಂಗಿಲ್ಲ."

"ವಾಡಿ ಸ್ಟೇಷನ್ ಕಟ್ಟಿ ಮ್ಯಾಲ ರಾತ್ರಿ ಮಲಗಿದ್ರ ಹೋಗಾವ್ರು ಬರಾವ್ರು ಎಲ್ಲಾರೂ ಎಬ್ಬಸ್ತಾರವ್ವ," ಎಂದು ಇನ್ನೊಮ್ಮೆ ಹಾಕಿ ನೋಡಿದಳು.

ಅಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿದ ಸದ್ದು. ಮಹಾದೇವಮ್ಮ ಹಾಲಿನ ಗಿಂಡಿ ಹಿಡಿದು ಬಂದಿದ್ದಳು. ಹಿಂದೆಯೇ ಕೆಳಗಿನ ಮನೆಯ ರಶೀದಾಬೇಗಂ. ರೈಲ್ವೆ ಗುಮಾಸ್ತನ ಹೆಂಡತಿಯಾದ ಆಕೆಗೆ ಯಾರು ಎಲ್ಲಿಂದ ಬಂದರು, ಎಲ್ಲಿಗೆ ಹೊರಟರು ಎಂಬುದು ಗಂಡನಿಗಿಂತ ಹೆಚ್ಚು ಗೊತ್ತಿರುತ್ತಿತ್ತು.

"ಯಾವೂರು ನಿಮ್ದು?" ಎಂದು ಬೇಗಂ ಕೇಳಿದಳು.

"ನಾಲವಾರ," ಎಂದಳು ಭೀಮಮ್ಮ.

"ಅರೆ, ಅಕ್ಕೋರು ಸೇಡಂ ಅಂದಿದ್ರಲ್ಲ?"

"ಹುಟ್ಟಿದ್ದು ನಾಲವಾರ, ಕೊಟ್ಟದ್ದು ಸೇಡಂಕ. ನಮ್ಮ ಮನಿಯವ್ರು ತಹಸೀಲದಾಗ ಪೇಶಕಾರ ಇದ್ರು. ಕುದುರಿ ಮ್ಯಾಲ ಅಡ್ಡಾಡ್ತಿದ್ರು. ತಗೋರಿ, ನಮ್ಮ ತ್ವಾಟದ ಹಣ್ಣ."

ಗುರುದೇವಿ ಹೇಳಿದ ಸುಳ್ಳು ಬೆಕ್ಕಿನ ಮರಿಯಷ್ಟಿತ್ತು. ಭೀಮಮ್ಮ ಅದಕ್ಕೆ ಹಿಂಡಿ ತಿನ್ನಿಸಿ ಎಮ್ಮೆ ಮಾಡಿ ನಿಲ್ಲಿಸಿದಳು. ಮಹಾದೇವಮ್ಮ ಹಣ್ಣು ಕಚ್ಚುತ್ತ ಬಹುವಚನಕ್ಕೆ ಏರಿದಳು. "ಕುಂದ್ರಿ ಯಮ್ಮಾ, ಕುಂದ್ರಿ."

ಹಾಲು ಉಕ್ಕಿಸುವ ಕೆಲಸವಾದರೂ ಬೇಗ ಮುಗಿಯಲಿ ಎಂದು ಗುರುದೇವಿ ಸ್ಟೋವಿಗೆ ಗಾಳಿ ಹೊಡೆದಳು. ಅವಸರಕ್ಕೆ ಗಾಳಿ ಹೆಚ್ಚಾಯಿತು. ಉರಿ ಭುಗಿಲೆಂದು ಎದ್ದು ಹೊಸ ಸಿಮೆಂಟಿನ ಗೋಡೆಗೆ ಅಂಗೈಯಗಲ ಕಾಡಿಗೆ ಹಚ್ಚಿತು.

"ಸರಿ ಅತ್ಲಾಗ," ಎಂದು ಭೀಮಮ್ಮ ಆಕೆಯನ್ನು ಪಕ್ಕಕ್ಕೆ ನೂಕಿದಳು. "ಪುಸ್ತಕ ಅಲ್ಲವ್ವ ಇದು. ಕೆಳಗ ಹೋಗಿ ಒಂದು ಕೊಡ ನೀರರ ತಾ."

ಕೆಳಗಿನ ನೀರಿನ ಹೌದಿನ ಸುತ್ತ ಹೆಂಗಸರ ಗುಂಪು. ನನ್ನ ಪಾಳಿ ಎಂದು ಹೇಳಲು ಗುರುದೇವಿಗೆ ಬಾಯಿ ಬರಲಿಲ್ಲ. ಹಿಂದೆ ಬಂದವರೆಲ್ಲ ತುಂಬಿಕೊಂಡು ಹೋದ ಮೇಲೆ, ಅರ್ಧ ಕೊಡ ನೀರು ಹೊತ್ತು, ಉಳಿದರ್ಧ ಮೈಮೇಲೆ ಚೆಲ್ಲಿಕೊಂಡು ಆಕೆ ಮೇಲೆ ಬರುವಾಗ ಹಾಲು ಉಕ್ಕಿ ಆರಿಯೂ ಹೋಗಿತ್ತು. ಕೀಲಿ ಭೀಮಮ್ಮನ ಸೆರಗಿನ ತುದಿಯಲ್ಲಿ ಗಂಟಾಗಿ ಕುಳಿತಿತ್ತು. ಒಳಗಿದ್ದವರ ಮಾತು ಗಕ್ಕನೆ ನಿಂತಿತು. ಮಹಾದೇವಮ್ಮ, ಬೇಗಂ ಇಬ್ಬರೂ ಆಕೆಯನ್ನು ಒಂದು ಥರ ನೋಡಿದರು. ಸೀರೆ ಒದ್ದೆಯಾದದ್ದಕ್ಕಿರಬೇಕು ಎಂದುಕೊಂಡು ಗುರುದೇವಿ ಮೂಲೆ ಸೇರಿದಳು.

ಮಧ್ಯಾಹ್ನ ಊಟ ಕೆಳಗಿನಿಂದಲೇ ಬಂತು. ಪೇಶಕಾರರ ಕುದುರೆಗೆ ಆ ಹೊತ್ತಿಗೆ ಬಿಳಿ ಬಣ್ಣವೂ ಬಂದಿತ್ತು. ಬೇಗಂ ಎಲೆ ಅಡಿಕೆ ಮಡಿಸಿ ಕೊಟ್ಟಳು. ಯಾರೂ ಏಳಲಿಲ್ಲ. ಹೊತ್ತು ಇಳಿಯಿತು. ಗುರುದೇವಿ ಕಿಟಕಿಯಿಂದ ಸ್ಟೇಷನ್ನಿನ ಕಡೆಗೇ ನೋಡುತ್ತಿದ್ದಳು.

"ದೊಡ್ಡವ್ವ, ವಾಡಿ ಗಾಡಿ ಹೊತ್ತಾತು," ಎಂದಳು ಮೆಲ್ಲಗೆ.

"ಯಾವ ಗಾಡಿ?" ಎಂದಳು ಭೀಮಮ್ಮ. "ಹಾಲು ಉಕ್ಕಿಸಿದ ದಿನಾ ಮನಿ ಬಿಟ್ಟು ಹೋಗಬಾರ್ದಂತ."

"ನಾಳಿ?"

"ನಾಳಿ ಶನಿವಾರ. ಶನಿವಾರ ಯಾರರ ಹೋಗ್ತಾರೇನು?"

"ಅಲ್ಲ, ಹೋಗೋದ್ಯಾಕ ಯಮ್ಮಾ? ಇರಾಕಂತಲೇ ಬಂದೀರಿ," ಎಂದಳು ಮಹಾದೇವಮ್ಮ.

ಗಾಡಿ ಕೂಗಿತು. ಹೊರಟೂಬಿಟ್ಟಿತು. ಆ ಸದ್ದು ಪೂರ್ತಿ ಕರಗುವತನಕ ಗುರುದೇವಿ ನಿಂತೇ ಇದ್ದಳು. ಖೋಲಿ ಹೋದರೆ ಹೋಗಲಿ, ಮತ್ತೆ ಚಿತ್ತಾಪುರದ ಬಾಗಿಲಿಲ್ಲದ ಬದುಕೇ ಆಗಲಿ ಎಂದುಕೊಂಡಳು. ಅವಳ ಗಂಟಲು ಹೇಗೋ ಬಿಚ್ಚಿತು.

"ಈಕಿ ನಮ್ಮ ದೊಡ್ಡವ್ವ ಅಲ್ರಿ," ಎಂದಳು. ಧ್ವನಿ ತನ್ನದೇ ಎಂದು ಆಕೆಗೇ ನಂಬಿಕೆಯಾಗಲಿಲ್ಲ. "ನನಗ ದೊಡ್ಡವ್ವನೇ ಇಲ್ಲ. ನನಗ ಒಬ್ಬಾಕಿಗೇ ಇರ್ಬೇಕಾಗಿತ್ತು."

ನಲ್ಲಿ ಒಂದು ಏದುಸಿರು ಬಿಟ್ಟಿತು. ಆಮೇಲೆ ಮಹಾದೇವಮ್ಮ ಬೇಗಂ ಕಡೆ ತಿರುಗಿದಳು.

"ಅಂದ್ಲು ನೋಡ್ರಿ. ಯಮ್ಮಾರು ಹೇಳ್ದಂಗೇ ಅಂದ್ಲು."

"ನೀವು ನೀರಿಗಿ ಹೋದಾಗ ಎಲ್ಲಾ ಹೇಳ್ಯಾರ ಅಕ್ಕೋರ," ಎಂದಳು ಬೇಗಂ, ಬೇಸರದಿಂದ. "ಸಿಟ್ಟು ಬಂದ್ರ ದೊಡ್ಡವ್ವನೇ ಅಲ್ಲ ಅಂತೀರಂತ. ಭಾಳ ಕಲ್ತೀರಿ, ಹಳ್ಳಿ ದೊಡ್ಡವ್ವನ ಕಂಡ್ರ ನಾಚಿಕಿ ಬರ್ತದಂತ."

"ಬರಲಿ ಬಿಡ್ರಿ," ಎಂದು ಭೀಮಮ್ಮ ಬುಟ್ಟಿಯಿಂದ ದೊಡ್ಡದೊಂದು ಹಣ್ಣು ಆರಿಸಿ ಗುರುದೇವಿಯ ಕೈಗಿಟ್ಟಳು. "ತಿನ್ನವ್ವ. ನಾ ಏನೂ ಮನಸ್ನ್ಯಾಗ ಇಟ್ಕೊಳ್ಳಂಗಿಲ್ಲ."

ಮಹಾದೇವಮ್ಮ ಕಣ್ಣೊರೆಸಿಕೊಂಡು ಎದ್ದಳು. ಬೇಗಂ ಹೋಗುವಾಗ ಗುರುದೇವಿಯ ಮುಖ ಕೂಡ ನೋಡಲಿಲ್ಲ. ಇಬ್ಬರೂ ಮೆಟ್ಟಿಲು ಇಳಿದ ಸದ್ದಾದ ಮೇಲೆ ಭೀಮಮ್ಮ ಎದ್ದು ಬಾಗಿಲು ಮುಚ್ಚಿ, ಒಳಗಿನಿಂದ ಅಗಳಿ ಹಾಕಿ, ಒಮ್ಮೆ ಜಗ್ಗಿ ನೋಡಿದಳು.

"ಅಗಳಿ ಛಲೋ ಅದ," ಎಂದಳು.