ಮೂವತ್ತಾರನೆಯ ಮತ

ಭೂಗೋಳ ಕಲಿಸುವವರು ವಾಡಿ ಜಂಕ್ಷನ್ನಿನಲ್ಲಿ ತಪ್ಪು ರೈಲು ಹತ್ತಿದರೆ ಜನ ನಕ್ಕು ಮರೆಯುತ್ತಾರೆ. ಸಂಗೀತ ಕಲಿಸುವವರ ಗಂಟಲು ಕಟ್ಟಿದರೆ ಮರುಕಪಡುತ್ತಾರೆ. ಆದರೆ ನೀತಿ ಕಲಿಸುವವರ ಬಗ್ಗೆ ಮಾತ್ರ, ಪಾಠದಲ್ಲಿರುವುದೆಲ್ಲ ಅವರಲ್ಲೂ ಇರುತ್ತದೆ ಎಂಬ ನಂಬಿಕೆಯೊಂದಿದೆ. ಈ ನಂಬಿಕೆ ಬೇರೆಯವರಿಗಿಂತ ನೀತಿ ಕಲಿಸುವವರಲ್ಲೇ ಗಟ್ಟಿಯಾಗಿರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ವಾಡಿಯ ಕ್ರೈಸ್ತ ಶಾಲೆಯೊಂದಕ್ಕೆ ಸೇರಿದಾಗ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿತ್ತು. ಪೌರನೀತಿ ಪುಸ್ತಕಕ್ಕೆ ಮಾತ್ರ ಸುದ್ದಿ ತಲುಪಿರಲಿಲ್ಲ. ಮಕ್ಕಳು ‘ಮೈಸೂರು ರಾಜ್ಯ’ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ಮೇಲೆ ಹೊಸ ಹೆಸರು ಬರೆದುಕೊಂಡಿದ್ದರು. ಬೆಳಗಿನ ಮೊದಲ ತಾಸಿನಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹತ್ತಿರ ಹೋಗುತ್ತಿದ್ದರು. ಉಳಿದವರು ನೀತಿಪಾಠಕ್ಕೆಂದು ನನ್ನ ಹತ್ತಿರ ಬರುತ್ತಿದ್ದರು. ನಾನು ಯಾರ ಮೇಲೂ ರೇಗುತ್ತಿರಲಿಲ್ಲ, ಯಾರ ಮಾತಿನ ನಡುವೆಯೂ ಬಾಯಿ ಹಾಕುತ್ತಿರಲಿಲ್ಲ. ಇದು ಸೌಜನ್ಯವೆಂದು ಶಾಲೆಯಲ್ಲಿ ಹೆಸರಾಯಿತು. “ಮಂದಿ ಕಂಡ್ರ ಅಂಜತಾಳ, ಅದಕ್ಕ ಸುಮ್ನಿರತಾಳ” ಎಂದು ನಮ್ಮವ್ವ ಹೇಳುತ್ತಿದ್ದಳು. ಆದರೆ ನಮ್ಮವ್ವ ಸೇಡಂನಲ್ಲಿದ್ದಳು, ಶಾಲೆ ವಾಡಿಯಲ್ಲಿತ್ತು. ಈ ದೂರ ನನಗೆ ಬಹಳ ಉಪಯೋಗಕ್ಕೆ ಬಂತು.

ಒಂದು ವರ್ಷ ‘ಪರಸ್ಪರ ಗೌರವದ ವಾರ’ ಆಚರಿಸೋಣವೆಂದು ಸಿಸ್ಟರ್ ಹೇಳಿದರು. ಪೌರನೀತಿಯಲ್ಲಿ ಆಗಷ್ಟೇ ಚುನಾವಣೆಯ ಪಾಠ ಮುಗಿದಿತ್ತು. ಎರಡನ್ನೂ ಕೂಡಿಸಿ ನಾನೊಂದು ಯೋಜನೆ ಹಾಕಿದೆ. ‘ನಮ್ಮ ಶಾಲೆಯಲ್ಲಿ ಎಲ್ಲರನ್ನೂ ಗೌರವದಿಂದ ಕಾಣುವ ದೊಡ್ಡವರು ಯಾರು?’ ಎಂದು ನನ್ನ ತರಗತಿಯ ಮೂವತ್ತೈದು ಮಕ್ಕಳು ಗುಪ್ತ ಮತದಾನದಿಂದ ಆರಿಸಬೇಕು. ಗೆದ್ದವರಿಗೆ ಶನಿವಾರದ ಸಭೆಯಲ್ಲಿ ಸಿಸ್ಟರ್ ಶಾಲು ಹೊದಿಸಬೇಕು. ಯಾರು ಗೆಲ್ಲುತ್ತಾರೆಂದು ನಾನು ಯೋಚಿಸಿರಲಿಲ್ಲ ಎಂದು ಬರೆಯಬಹುದು. ಆದರೆ ಹಿಂದಿನ ಸಂಜೆ ಕನ್ನಡಿಯ ಮುಂದೆ ನಿಂತು, “ಈ ಗೌರವ ನನಗಲ್ಲ, ಈ ಮಕ್ಕಳಿಗೆ” ಎಂಬ ಮಾತನ್ನು ಮೂರು ಬಗೆಯಲ್ಲಿ ಹೇಳಿ ನೋಡಿದ್ದೆ. ಕಣ್ಣು ಕೆಳಗೆ ಮಾಡಿ ಹೇಳಿದ ಎರಡನೆಯದು ಚೆನ್ನಾಗಿತ್ತು.

ಮತದಾನ ಶಿಸ್ತಿನಿಂದ ನಡೆಯಿತು. ಕರಿಹಲಗೆಯ ಹಿಂದೆ ಹೋಗಿ ಚೀಟಿ ಬರೆಯುವುದು, ಮಡಚಿ ಬಿಸ್ಕೀಟಿನ ಡಬ್ಬಿಗೆ ಹಾಕುವುದು. ಎಲ್ಲ ಮುಗಿದ ಮೇಲೆ ಮಕ್ಕಳು ಬಿಡುವಿಗೆ ಹೋದರು. ಡಬ್ಬಿಯೂ ನಾನೂ ಉಳಿದೆವು. ಆಗ ನನಗೊಂದು ಅನುಮಾನ ಬಂತು. ಮಕ್ಕಳು ನಾಚಿಕೆಯಿಂದ ನನ್ನ ಹೆಸರು ಬರೆಯದೇ ಹೋಗಿದ್ದರೆ? ಗೆಲ್ಲುವುದು ಬೇಡ, ಆದರೆ ಸೊನ್ನೆ ಬಂದರೆ ನಾಳೆ ಗೌರವದ ಪಾಠ ಮಾಡುವುದು ಹೇಗೆ? ಎಡಗೈಯಿಂದ, ಸೊಟ್ಟ ಅಕ್ಷರದಲ್ಲಿ, ನನ್ನ ಹೆಸರನ್ನು ನಾನೇ ಬರೆದು ಹಾಕಿದೆ. ರಾಜ್ಯಶಾಸ್ತ್ರದಲ್ಲಿ ನಾನು ಮೊದಲ ದರ್ಜೆಯಲ್ಲಿ ಪಾಸಾದವಳು.

ಎಣಿಕೆಗೆ ತರಗತಿಯ ಲೀಡರ್ ಶರಣಮ್ಮ ನಿಂತಳು. ರೈಲ್ವೆ ಗಾರ್ಡನ ಮಗಳು, ಧ್ವನಿ ಸಿಳ್ಳೆಯಂತಹದು. ಮೊದಲ ಚೀಟಿ, “ಹುಸೇನಬಿ.” ಎರಡನೆಯದು, “ಹುಸೇನಬಿ.” ಹುಸೇನಬಿ ಶಾಲೆಯ ಆಯಾ. ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುವವರು. ಮಕ್ಕಳ ತಮಾಷೆಯೆಂದು ನಾನು ನಕ್ಕೆ. ತಮಾಷೆ ಇಪ್ಪತ್ತೆರಡರವರೆಗೆ ಹೋಯಿತು. ಸಿಸ್ಟರಿಗೆ ಹದಿಮೂರು. ನನಗೆ ಒಂದು.

“ಟೀಚರ್, ನಾವು ಮೂವತ್ತೈದು ಮಂದಿ ಇದ್ದೀವಿ. ಚೀಟಿ ಮೂವತ್ತಾರು ಅದಾವ್ರಿ” ಎಂದಳು ಶರಣಮ್ಮ.

ತರಗತಿ ಗೊಲ್ಲೆಂದಿತು. “ಮೆಹರುನ್ ಎರಡು ಹಾಕ್ಯಾಳ್ರಿ! ಅಕಿ ದಾದಿ ಗೆಲ್ಲಲಿ ಅಂತ ಕಳ್ಳ ಓಟು!” ಮೆಹರುನ್ ಹುಸೇನಬಿಯವರ ಮೊಮ್ಮಗಳು, ಅಜ್ಜಿಯನ್ನು ದಾದಿ ಎನ್ನುತ್ತಿದ್ದಳು. ಎದ್ದು ನಿಂತಳು, ಕಣ್ಣಲ್ಲಿ ನೀರು. “ಅಲ್ಲಾ ಕಸಂ ಟೀಚರ್, ನಾ ದಾದಿಗಿ ಒಂದೂ ಹಾಕಿಲ್ರಿ. ಸಿಸ್ಟರಿಗಿ ಹಾಕೀನಿ. ದಾದಿ ಮನ್ಯಾಗ ನನಗ ಭಾಳ ಬೈತಾಳ್ರಿ.”

ಆ ಕ್ಷಣ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಆದರೆ ಹೊರಬಂದ ಮಾತು, “ಶಾಂತಿ, ಶಾಂತಿ. ಲೆಕ್ಕ ತಪ್ಪಿದ ಚುನಾವಣೆ ನಿಯಮದಂತೆ ರದ್ದಾಗುತ್ತದೆ” ಎಂಬುದು. ಎಷ್ಟು ಸ್ಪಷ್ಟವಾದ ಕನ್ನಡ! ಒಂದು ವಾಕ್ಯದಲ್ಲಿ ಅಜ್ಜಿಯ ಗೆಲುವನ್ನು ಕಿತ್ತುಕೊಂಡು, ಮೊಮ್ಮಗಳನ್ನು ಕಳ್ಳಿ ಮಾಡಿ, ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದೆ.

ಗದ್ದಲ ಕೇಳಿ ಹುಸೇನಬಿಯವರೇ ಬಂದರು. ಮಕ್ಕಳು ಒಂದೇ ಉಸಿರಿಗೆ ಎಲ್ಲ ಹೇಳಿದರು. ಅವರು ಸೆರಗಿನಿಂದ ಕೈ ಒರೆಸಿಕೊಂಡು, “ನನಗ್ಯಾಕ್ರಿ ಅಕ್ಕೋರೆ ಶಾಲು, ಈ ಸೆಕಿಯಾಗ? ನೀವೇ ಇಟ್ಕೋರಿ. ಖರೇ, ಹುಡಿಗಿಗಿ ಕಳ್ಳಿ ಅನಬ್ಯಾಡ್ರಿ. ನಾಳಿಂದ ಸಾಲಿಗಿ ಬರೂದಿಲ್ಲ ಅಂದ್ರ ನಾ ಏನ್ ಮಾಡ್ಲಿ?” ಎಂದರು.

ಅಷ್ಟರಲ್ಲಿ ಶರಣಮ್ಮ ಚೀಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಎಲ್ಲ ಪೆನ್ಸಿಲ್ಲಿನವು. ಒಂದು ಮಾತ್ರ ಕೆಂಪು ಶಾಯಿಯದು. ನೋಟುಬುಕ್ಕು ತಿದ್ದುತ್ತಿದ್ದ ಪೆನ್ನಿನಿಂದಲೇ ಬರೆದಿದ್ದೆ. ಅಕ್ಷರ ಮರೆಸುವ ಆತುರದಲ್ಲಿ ಬಣ್ಣ ನೋಡಿರಲಿಲ್ಲ. ಅವಳು ಚೀಟಿ ನೋಡಿದಳು, ನನ್ನ ಕೈಯಲ್ಲಿದ್ದ ಪೆನ್ನು ನೋಡಿದಳು. ನಿಧಾನವಾಗಿ ಚೀಟಿ ಮಡಚಿದಳು. “ಟೀಚರ್, ಯಾರ ಓಟು ಅಂತ ಕೇಳಬಾರದು ಅಂತ ನೀವೇ ಕಲಿಸೀರಿ. ಇದೊಂದು ತಗದ್ರ ಲೆಕ್ಕ ಸರಿ ಆಗತದ್ರಿ.”

ನನ್ನನ್ನು ಅಷ್ಟು ಗೌರವದಿಂದ ಅದುವರೆಗೆ ಯಾರೂ ಕಂಡಿರಲಿಲ್ಲ. ಅವಳ ಮಾತಿಗೆ ಒಪ್ಪಿಕೊಂಡು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೆಹರುನ್ ಇನ್ನೂ ನಿಂತೇ ಇದ್ದಳು, ಅವಳ ಪಕ್ಕದಲ್ಲಿದ್ದವಳು ಬೆಂಚಿನ ಆ ತುದಿಗೆ ಸರಿದಿದ್ದಳು. “ಅದು ನನ್ನದು” ಎಂದೆ. ಧ್ವನಿ ಬೇರೆ ಯಾರದೋ ಇದ್ದಂತಿತ್ತು. “ಮೆಹರುನ್, ತಪ್ಪು ನನ್ನದು. ಕ್ಷಮಿಸು.”

ಮಕ್ಕಳು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ, ಸಮಾಧಾನ ಮಾಡಿದರು. “ಇರ್ಲಿ ಬಿಡ್ರಿ ಟೀಚರ್, ಮುಂದಿನ ವರ್ಷ ನಿಮಗೇ ಹಾಕ್ತೀವಿ” ಎಂದು ಹಿಂದಿನ ಬೆಂಚಿನವರು ಕೂಗಿದರು. ಹುಸೇನಬಿ ಮಾತ್ರ ಬಾಯಿಗೆ ಸೆರಗು ಹಿಡಿದು ಮನಸಾರೆ ನಕ್ಕು, “ತೌಬಾ! ಮೊದ್ಲೇ ಹೇಳಿದ್ರ ನಾಲ್ಕು ಹುಡುಗರಿಗಿ ನಾನೇ ಹೇಳಿ ಹಾಕಸ್ತಿದ್ದೆ ಅಲ್ರಿ ಅಕ್ಕೋರೆ” ಎಂದು ಗಂಟೆ ಹೊಡೆಯಲು ಹೋದರು. ಮೆಹರುನ್ ಕುಳಿತಳು. ಕ್ಷಮಿಸಿದ್ದೇನೆಂದು ಹೇಳಲಿಲ್ಲ. ಹೇಳೆಂದು ಕೇಳುವ ಮುಖ ನನಗಿರಲಿಲ್ಲ.

ನನ್ನ ಚೀಟಿ ತೆಗೆದ ಮೇಲೆ ಚುನಾವಣೆ ಊರ್ಜಿತವಾಯಿತು, ಗೆದ್ದವರು ಹುಸೇನಬಿಯವರೇ. ಶನಿವಾರ ಅವರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಿಸ್ಟರ್ ನನಗೇ ಹೇಳಿದರು. ಹಾಳೆ ತೆಗೆದು ಕುಳಿತಾಗ ಗೊತ್ತಾಯಿತು, ಎರಡು ವರ್ಷ ದಿನಾ ನೋಡಿದ ಹೆಂಗಸಿನ ಬಗ್ಗೆ ನನಗೆ ಒಂದು ಸಾಲೂ ತಿಳಿದಿಲ್ಲ. ಕೊನೆಗೆ ಮೆಹರುನ್‌ಳನ್ನೇ ಕರೆದು ಕೇಳಿದೆ. ಅವಳು ಗೋಡೆ ನೋಡುತ್ತ ಹೇಳಿದಳು, ನಾನು ಬರೆದುಕೊಂಡೆ: ಒಂದನೆಯ ತರಗತಿಯ ಅಳುಬುರುಕರನ್ನು “ಬರ್ರಿ ಸಾಹೇಬ್ರ, ಕುಂದ್ರಿ” ಎಂದು ಕರೆಯುವುದು, ಬುತ್ತಿ ತರದ ಮಕ್ಕಳಿಗೆ ತಮ್ಮ ರೊಟ್ಟಿ ಮುರಿದು ಕೊಡುವುದು, ಕೊಟ್ಟದ್ದನ್ನು ಯಾರಿಗೂ ಹೇಳದಿರುವುದು, ತಡವಾಗಿ ಓಡಿ ಬರುವವರನ್ನು ಕಂಡರೆ ಗಂಟೆ ಹೊಡೆಯುವ ಕೈ ತುಸು ತಡೆಯುವುದು.

ಸಭೆಯಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಸಿಸ್ಟರ್ ನನ್ನ ಭುಜ ಮುಟ್ಟಿ, “ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದೀರಿ! ಹೀಗೆ ಬರೆಯಲು ಜನರ ಮೇಲೆ ನಿಜವಾದ ಗೌರವ ಇರಬೇಕು” ಎಂದರು. ನಾನು ಕಣ್ಣು ಕೆಳಗೆ ಮಾಡಿ ಕೈ ಮುಗಿದೆ. ಮೂರನೆಯ ಸಾಲಿನಲ್ಲಿ ಮೆಹರುನ್ ನನ್ನನ್ನೇ ನೋಡುತ್ತಿದ್ದಳು.