ನೋಡೋಣಪ್ಪನವರು ಗಿಡವಾಗಿ ನಿಂತದ್ದು

ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಗಿರಾಕಿಗಳ ಕಣ್ಣಿಗೆ ಒಂದಾದ ಮೇಲೊಂದು ಗಾಜು ಹಿಡಿದು, "ಇದು ಚೆನ್ನಾಗಿ ಕಾಣುತ್ತಾ? ಇದಾ?" ಎಂದು ಕೇಳುತ್ತ ಬಂದ ಮನುಷ್ಯನಿಗೆ, ತನ್ನ ಮನೆಯ ಮುಂದೆ ಯಾವ ಗಿಡ ನೆಡಬೇಕೆಂಬುದು ಆರು ತಿಂಗಳಾದರೂ ಗೊತ್ತಾಗಿರಲಿಲ್ಲ. ಗಿರಾಕಿಗಳೆಲ್ಲ ಒಂದೇ ನಿಮಿಷದಲ್ಲಿ "ಇದೇ ಸಾರ್" ಅಂದುಬಿಡುತ್ತಿದ್ದರು. ಇವರು ಮಾತ್ರ ಎರಡು ಕೊಡೆಗಳಲ್ಲಿ ಒಂದನ್ನು ಆರಿಸುವಷ್ಟರಲ್ಲಿ ಮಳೆಯೇ ನಿಂತಿರುತ್ತಿತ್ತು. ಏನು ಕೇಳಿದರೂ "ನೋಡೋಣ" ಎನ್ನುವ ಇವರಿಗೆ ಬೀದಿಯವರು ಇಟ್ಟ ಹೆಸರು ನೋಡೋಣಪ್ಪ. ಪ್ರೀತಿಯಿಂದಲೇ ಇಟ್ಟದ್ದು. ನಿಜವಾದ ಹೆಸರು ಮನೆಯ ಪತ್ರದಲ್ಲಿದೆ, ಅದನ್ನು ಯಾರೂ ಓದಿಲ್ಲ.

ಅವರ ಹೆಂಡತಿ ಹತ್ತೊಂಬತ್ತು ವರ್ಷ ಬಾಡಿಗೆಯ ಮಹಡಿ ಮನೆಯಲ್ಲಿ ಬಾಳಿದವರು. ಮೆಟ್ಟಿಲಿಗೊಂದರಂತೆ ಒಡೆದ ಬಕೆಟ್ಟು, ಬಣ್ಣದ ಡಬ್ಬ, ಹಿಡಿ ಮುರಿದ ಕುಕ್ಕರು ಇಟ್ಟು, ಅವುಗಳಲ್ಲಿ ಆಕೆ ಹೂವು ಅರಳಿಸುತ್ತಿದ್ದ ರೀತಿಗೆ ಮನೆ ಮಾಲೀಕನೇ ಬೆರಗಾಗಿ, ಖಾಲಿ ಮಾಡಿಸುವ ಮಾತನ್ನು ಎರಡು ಸಲ ನುಂಗಿಕೊಂಡಿದ್ದ. ಆಗೆಲ್ಲ ನೋಡೋಣಪ್ಪನವರು ಹೇಳುತ್ತಿದ್ದರು: "ಸ್ವಂತ ಮನೆ ಆಗಲಿ. ಕಿಟಕಿ ಮುಂದೆ ನಿನಗೊಂದು ಮರ. ನಾನೇ ಆರಿಸ್ತೀನಿ."

ಆ "ನಾನೇ ಆರಿಸ್ತೀನಿ" ಎಂಬುದೇ ಎಲ್ಲ ತಾಪತ್ರಯಕ್ಕೂ ಮೂಲ. ಸ್ವಂತ ಮನೆಯಾಯಿತು. ಗೃಹಸ್ಥರು ಮೊದಲ ದಿನವೇ ಕಿಟಕಿಯ ಮುಂದೆ ಮೊಣಕಾಲುದ್ದದ ಗುಂಡಿ ತೋಡಿದರು. ಆರು ತಿಂಗಳಿಂದ ಗುಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು. ಪತ್ರಿಕೆ ಹಾಕುವವನು ಎರಡು ಸಲ, ನೆಂಟರು ಮೂರು ಸಲ ಅದರಲ್ಲಿ ಬಿದ್ದಿದ್ದರು.

ಮಂಗಳವಾರ ಅಕ್ಕನ ಮನೆಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು: "ಭಾನುವಾರ ಸಂಜೆ ಬರ್ತೀನಿ ಕಣ್ರೀ. ಅಷ್ಟರೊಳಗೆ ಗುಂಡೀಲಿ ಗಿಡ ಇರಬೇಕು. ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಗಾರೆ ಮೇಸ್ತ್ರಿ ಬರ್ತಾನೆ, ಹೇಳಿ ಆಗಿದೆ. ಸಿಮೆಂಟು ಹಾಕಿಸಿ ಬಟ್ಟೆ ಒಗೆಯೋ ಕಲ್ಲು ಇಡಿಸ್ತೀನಿ."

ಆಕೆ ದನಿ ಏರಿಸಲಿಲ್ಲ. ಅದಕ್ಕೇ ನೋಡೋಣಪ್ಪನವರಿಗೆ ಹೆದರಿಕೆಯಾದದ್ದು. ಹತ್ತೊಂಬತ್ತು ವರ್ಷದ ಮಾತಿನ ಮೇಲೆ ಸೋಪಿನ ನೀರು ಹರಿಯುವುದನ್ನು ಅವರಿಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ಶನಿವಾರ ಸಂಜೆ ಮೂವತ್ತೆರಡನೆಯ ಸಲ ಸಸಿ ಅಂಗಡಿಗೆ ಹೋದರು. ಅಂಗಡಿಯ ಒಡತಿಯನ್ನು ಎಲ್ಲರೂ ಸಸಿಯಕ್ಕ ಅನ್ನುತ್ತಾರೆ. ಒಂದು ಎಲೆ ಮುಟ್ಟಿ, ಅದಕ್ಕೆ ನೀರು ಹೆಚ್ಚಾಗಿದೆಯೋ, ಕಮ್ಮಿಯಾಗಿದೆಯೋ, ಯಜಮಾನನಿಗೆ ಪುರಸೊತ್ತಿಲ್ಲವೋ ಎಂದು ಹೇಳಬಲ್ಲ ಹೆಂಗಸು. ನೋಡೋಣಪ್ಪನವರು ದಾಸವಾಳದ ಮುಂದೆ ಹತ್ತು ನಿಮಿಷ, ಕಣಗಿಲೆಯ ಮುಂದೆ ಹತ್ತು ನಿಮಿಷ ನಿಂತು ಮೀನಮೇಷ ಎಣಿಸುತ್ತಿದ್ದರು. ಹಿಂದೆ ಎಂಟು ಜನ ಸಾಲುಗಟ್ಟಿದ್ದರು.

ಸಸಿಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಸಾರ್, ಗಿಡ ನೋಡಿ ಜಾಗ ಹುಡುಕೋದಲ್ಲ. ಜಾಗ ನೋಡಿ ಗಿಡ ಹುಡುಕಬೇಕು. ನಿಮ್ಮ ಜಾಗ ನಿಮಗೆ ಗೊತ್ತಾ?"

"ನಮ್ಮ ಮನೆ ಮುಂದೆ ಅಲ್ವಾ?"

"ಅದು ವಿಳಾಸ. ನಾಳೆ ಬೆಳಿಗ್ಗೆ ಏಳಕ್ಕೆ ಆ ಗುಂಡಿಗೆ ಇಳೀರಿ. ಎರಡೂ ಕೈ ಕೊಂಬೆ ಥರ ಚಾಚಿ. ಗಿಡಕ್ಕೆ ಕಾಲಿಲ್ಲ, ನೀವೂ ಕದಲಬಾರದು. ಬಿಸಿಲು ಎಲ್ಲಿಂದ ಬರುತ್ತೆ, ಗಾಳಿ ಎಲ್ಲಿಂದ ಬರುತ್ತೆ, ಯಾರು ಮೈ ತಾಗಿಸ್ಕೊಂಡು ಹೋಗ್ತಾರೆ, ಎಲ್ಲ ನೋಡ್ಕೊಳ್ಳಿ. ಸಂಜೆ ಆರಕ್ಕೆ ನಾನೇ ಗಾಡಿ ತರ್ತೀನಿ. ನೀವು ವರದಿ ಒಪ್ಪಿಸಿ, ನಾನು ಗಿಡ ಒಪ್ಪಿಸ್ತೀನಿ."

ನೋಡೋಣಪ್ಪನವರು ನೇರ ಮನೆಗೆ ಹೊರಟರು. ಇಷ್ಟು ಸ್ಪಷ್ಟವಾಗಿ ಅವರಿಗೆ ಯಾರೂ ದಾರಿ ತೋರಿರಲಿಲ್ಲ.

ಭಾನುವಾರ ಏಳಕ್ಕೆ ಸರಿಯಾಗಿ ಗುಂಡಿಗೆ ಇಳಿದರು. ಕೈ ಚಾಚಿದರು. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರಿಂದ ಅಂಗಳವೆಲ್ಲ ಮನೆಯದೇ ನೆರಳಿನಲ್ಲಿ ತಂಪಾಗಿತ್ತು. ಗಿಡವಾಗಿರುವುದು ಇಷ್ಟು ಸುಖವೇ ಎಂದುಕೊಂಡರು. ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾದದ್ದು ಆಮೇಲೆ.

ಪಕ್ಕದ ಮನೆಯ ಟೈಲರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು. "ಅಣ್ಣಾ, ಏನಾಯ್ತು? ಕೈ ಹಿಡ್ಕೊಂಡಿದೆಯಾ?"

"ಇಲ್ಲಮ್ಮ, ಗಿಡ ಆಗಿದ್ದೀನಿ. ಸ್ವಲ್ಪ ಒಳಗೆ ಹೋಗಿ ಹಾಲು ಇಳಿಸ್ತೀಯಾ?"

ಟೈಲರಮ್ಮ ಒಳಗೆ ಹೋಗಿ, ಕರ್ರಗೆ ಸುಟ್ಟ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಂದು ತೋರಿಸಿದಳು. ಆಮೇಲೆ ಇವರನ್ನು ಕೆಳಗಿನಿಂದ ಮೇಲಿನವರೆಗೂ ಅಳತೆ ನೋಡುವವಳ ಹಾಗೆ ನೋಡಿದಳು. "ಹೇಗೂ ಸುಮ್ನೆ ನಿಂತಿದ್ದೀರಲ್ಲ ಅಣ್ಣ. ಒಂದು ಪರದೆ ಹೊಲಿದಿದ್ದೀನಿ, ಅಂಚು ಸರಿಯಾಗಿ ಇಳಿಯುತ್ತಾ ನೋಡಬೇಕು" ಎಂದು ಅವರ ಬಲಗೈ ಮೇಲೆ ನೀಲಿ ಪರದೆ ಇಳಿಬಿಟ್ಟು, ಗುಂಡುಸೂಜಿ ಚುಚ್ಚತೊಡಗಿದಳು. ಗಿಡ ಮಾತಾಡುವುದಿಲ್ಲವೆಂದು ನೋಡೋಣಪ್ಪನವರು ಹಲ್ಲು ಕಚ್ಚಿಕೊಂಡರು.

ಹನ್ನೊಂದರ ಹೊತ್ತಿಗೆ ಕನ್ನಡಿ ಬೀರು ಹೊತ್ತ ವ್ಯಾನೊಂದು ಬಂದು ಗೇಟಿನ ಮುಂದೆ ನಿಂತಿತು. ಡ್ರೈವರ್ ತಲೆ ಹೊರಹಾಕಿ, "ಡಾಕ್ಟ್ರ ಮನೆ ಯಾವ ಕಡೆ ಸಾರ್?" ಎಂದ. ಬಲಗೈ ಪರದೆಯ ಹಿಂದೆ ಮುಚ್ಚಿಹೋಗಿತ್ತು. ಎಡಗೈ ಮಾತ್ರ ನೆಟ್ಟಗೆ ಚಾಚಿತ್ತು. ಡ್ರೈವರ್ "ಥ್ಯಾಂಕ್ಸ್ ಸಾರ್" ಎಂದು ಎಡಕ್ಕೆ ತಿರುಗಿಸಿಯೇಬಿಟ್ಟ.

"ಅಯ್ಯೋ, ಅದು ಕೊಂಬೆ ಕಣಯ್ಯಾ! ದಾರಿ ಅಲ್ಲ! ಅಲ್ಲಿ ಗೋಡೆ ಇದೆ!" ನೋಡೋಣಪ್ಪನವರು ಕೂಗಿದರು. ಕೂಗಿದರೇ ಹೊರತು ಕದಲಲಿಲ್ಲ. ಆ ನಿಷ್ಠೆಯನ್ನು ಮೆಚ್ಚಲೇಬೇಕು. ವ್ಯಾನು ಗಲ್ಲಿಯ ಕೊನೆಯ ಗೋಡೆ ಮುಟ್ಟಿ, ಹಿಂದಕ್ಕೆ ಬರುತ್ತ ಬರುತ್ತ ಇವರ ಗೇಟಿನ ಕಂಬಕ್ಕೆ ಗುದ್ದಿತು. ಗೇಟು ವಾಲಿಕೊಂಡು ಅರ್ಧ ಮಾತ್ರ ತೆರೆಯುವ ಹಾಗಾಯಿತು. ಡ್ರೈವರ್ ಇಳಿದು ಜಗಳಕ್ಕೆ ಬಂದವನು, ಗುಂಡಿಯಲ್ಲಿ ನಿಂತು ಪರದೆ ಹೊದ್ದ ಮನುಷ್ಯನನ್ನು ಹತ್ತಿರದಿಂದ ನೋಡಿ, ಹಿಂದೆ ಸರಿದು ವ್ಯಾನು ಹತ್ತಿ ಹೊರಟುಹೋದ.

ಹನ್ನೆರಡಾದ ಮೇಲೆ ಬಿಸಿಲು ಮನೆಯ ತಲೆ ದಾಟಿ ಮುಂದಕ್ಕೆ ಬಂತು. ಎದುರಿನಿಂದ ಸೂರ್ಯ, ಬೆನ್ನಿಗೆ ಕಾದ ಗೋಡೆ. ನೋಡೋಣಪ್ಪನವರು ಎರಡು ಕಡೆಯಿಂದಲೂ ಬೇಯತೊಡಗಿದರು. ಹೊಟ್ಟೆ ತಾಳ ಹಾಕುತ್ತಿತ್ತು. ಎರಡು ಗಂಟೆಗೆ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕುರ್ಚಿ, ಪತ್ರಿಕೆ ಹಿಡಿದು ಬಂದರು.

"ಏನ್ರೀ ಇದು? ಬೀದಿಯೆಲ್ಲ ಮಾತಾಡ್ಕೊಳ್ತಿದೆ."

ನೋಡೋಣಪ್ಪನವರು ವಿವರಿಸಿದರು. ಮೇಷ್ಟ್ರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಭೇಷ್! ನನ್ನ ಸರ್ವೀಸಿನಲ್ಲಿ ಇಷ್ಟು ಶ್ರದ್ಧೆಯ ವಿದ್ಯಾರ್ಥೀನ ನೋಡಿಲ್ಲ" ಎಂದು ಮನಸಾರೆ ಹೊಗಳಿದರು. ಹೊಗಳಿ, ಇವರ ನೆರಳು ಬಿದ್ದಲ್ಲಿ ಕುರ್ಚಿ ಹಾಕಿ ಕೂತರು. ನೆರಳು ಸರಿದ ಹಾಗೆ ಕುರ್ಚಿಯೂ ಸರಿಯಿತು. "ಎಡಗೈ ಸ್ವಲ್ಪ ಮೇಲೆತ್ತಿ, ಸಂಪಾದಕೀಯದ ಮೇಲೆ ಬಿಸಿಲು ಬೀಳ್ತಿದೆ" ಎಂದು ನಡುನಡುವೆ ಹೇಳುತ್ತಿದ್ದರು. ಮೂರು ಗಂಟೆಗೆ ಬಗ್ಗಿ ನೋಡಿ, "ಬುಡ ಒಣಗಿದೆಯಲ್ರೀ" ಎಂದವರೇ, ನೋಡೋಣಪ್ಪನವರು ಬೇಡ ಬೇಡ ಎನ್ನುತ್ತಿದ್ದಂತೆ ಎರಡು ಬಕೆಟ್ಟು ನೀರು ಗುಂಡಿಗೆ ಸುರಿದರು. ಪಾದಗಳು ಪೂರಾ ಕೆಸರಿನಲ್ಲಿ ಹೂತವು.

ನಾಲ್ಕಕ್ಕೆ ಗಾರೆ ಮೇಸ್ತ್ರಿ ಅಳತೆಗೆ ಬಂದ. ಇವರ ಸುತ್ತ ಟೇಪು ಹಿಡಿದು, "ನೀವು ನಾಳೇನೂ ಇಲ್ಲೇ ಇರ್ತೀರಾ ಸ್ವಾಮಿ? ಇದ್ರೆ ಹೇಳಿ, ಸುತ್ತ ಜಾಗ ಬಿಟ್ಟು ಸಿಮೆಂಟು ಹಾಕ್ತೀನಿ" ಎಂದು ಸಮಾಧಾನದಿಂದ ಕೇಳಿ, ಬರೆದುಕೊಂಡು ಹೋದ.

ಕಲ್ಲಿನ ಭಯ ಮತ್ತೆ ಎದೆಗೆ ಬಂತು. ಗಿಡಕ್ಕೆ ಹಿಂದು ಮುಂದು ಎಂಬುದಿಲ್ಲವಲ್ಲ ಎಂದು ನೋಡೋಣಪ್ಪನವರು ಕೆಸರಿನಲ್ಲೇ ಮೆಲ್ಲನೆ ಹಿಂದಕ್ಕೆ ತಿರುಗಿದರು. ಎದುರಿಗೆ ಕಿಟಕಿ. ಕಿಟಕಿಯೊಳಗೆ ಹೆಂಡತಿ ದಿನಾ ಕೂತು ತರಕಾರಿ ಹೆಚ್ಚುವ ಮಣೆ, ಗೋಡೆಗೊರಗಿಸಿದ ಅವಳ ಮೊರ. ಅಲ್ಲಿ ಕೂತರೆ ಏನು ಕಾಣುತ್ತದೆ ಎಂದು ಕತ್ತು ತಿರುಗಿಸಿ ನೋಡಿದರು. ಎದುರುಮನೆಯ ಕೊಳಚೆ ಪೈಪು. ತುಕ್ಕು ಹಿಡಿದ, ಮೇಲಿಂದ ಕೆಳಗೆ ಸೋರುವ ಪೈಪು. ಆರು ತಿಂಗಳಿಂದ ಆಕೆ ಅದನ್ನೇ ನೋಡಿಕೊಂಡು ಕೂತಿದ್ದಾಳೆ, ಒಂದು ದಿನವೂ ಹೇಳಿಲ್ಲ. ತಾನು ಮಾತ್ರ ದಾಸವಾಳವೋ ಕಣಗಿಲೆಯೋ ಎಂದು ತೂಗುತ್ತ ಕಾಲ ಕಳೆದದ್ದಾಯಿತು. ನೋಡೋಣಪ್ಪನವರಿಗೆ ನಾಚಿಕೆಯಾಯಿತು, ಕಣ್ಣೂ ಮಂಜಾಯಿತು. ಕನ್ನಡಕ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಆರು ಗಂಟೆಗೆ ಸಸಿಯಕ್ಕನ ಗಾಡಿ ಬಂತು. ವಾಲಿದ ಗೇಟಿನಲ್ಲಿ ಅಡ್ಡಡ್ಡವಾಗಿ ತೂರಿ ಒಳಗೆ ಬಂದ ಸಸಿಯಕ್ಕ, ಪರದೆ, ಕೆಸರು, ಕುರ್ಚಿ ಎಲ್ಲವನ್ನೂ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಸಾರ್... ನಿಜವಾಗ್ಲೂ ನಿಂತ್ರಾ?"

"ನಿಂತೆ. ಬರ್ಕೊಳ್ಳಿ." ನೋಡೋಣಪ್ಪನವರ ದನಿಯೇ ಬೇರೆಯಾಗಿತ್ತು. "ಬೋಗನ್‌ವಿಲ್ಲಾ ಬೇಡ, ಗುಲಾಬಿ ಬೇಡ. ಇಲ್ಲಿ ಎಲ್ಲರೂ ಮೈಗೆ ಮೈ ತಾಗಿಸ್ಕೊಂಡು ಓಡಾಡ್ತಾರೆ, ಮುಳ್ಳು ಆಗಲ್ಲ. ಮಧ್ಯಾಹ್ನದ ಮೇಲೆ ಎದುರಿಗೆ ಬಿಸಿಲು, ಬೆನ್ನಿಗೆ ಗೋಡೆ ಸುಡುತ್ತೆ, ತಡ್ಕೊಳ್ಳೋ ಗಿಡ ಬೇಕು. ದಾಸವಾಳ, ಕಣಗಿಲೆ ಎರಡೂ ಬುಡದಿಂದಲೇ ಹರಡ್ತವೆ, ಗೇಟು ಅರ್ಧ ಮಾತ್ರ ತೆರೆಯೋದು, ಜಾಗ ಇಲ್ಲ. ಎಲೆ ಪೂರಾ ಉದುರಿಸೋ ಗಿಡ ಬೇಡ, ಉದುರಿದ್ರೆ ಮತ್ತೆ ಆ ಪೈಪು ಕಾಣುತ್ತೆ. ಕೆಳಗೆ ಒಂದೇ ಕಾಂಡ, ಮೇಲೆ ಕೊಡೆ ಥರ ಇರಬೇಕು, ಮೇಷ್ಟ್ರಿಗೆ ನೆರಳು. ಹೂವು ಬಿಳೀದಿರಬೇಕು, ಸಂಜೆ ಮಬ್ಬಲ್ಲೂ ಅವಳಿಗೆ ಕಾಣಬೇಕು. ಒಂಟಿ ಕಾಂಡಕ್ಕೆ ಬೆಳೆಸಿದ ನಂದಿಬಟ್ಟಲು. ಅದೇ. ಬೇರೆ ಯಾವುದೂ ಅಲ್ಲ."

ನೋಡೋಣಪ್ಪನವರು "ಅದೇ" ಎಂದದ್ದನ್ನು ಆ ಬೀದಿ ಕೇಳಿದ್ದು ಅದೇ ಮೊದಲು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಸಿಯಕ್ಕ ಗಾಡಿಯ ಮೇಲಿನ ಗೋಣಿ ಸರಿಸಿದಳು. ಒಂದೇ ಕಾಂಡ, ಮೇಲೆ ಕೊಡೆ, ನಾಲ್ಕು ಬಿಳಿಯ ಮೊಗ್ಗು. ನಂದಿಬಟ್ಟಲು!

"ನಾನು ಹೇಳೋ ಮುಂಚೆನೇ ಹೇಗೆ ತಂದ್ರಿ?" ನೋಡೋಣಪ್ಪನವರು ಕೈ ಇಳಿಸುವುದನ್ನೂ ಮರೆತರು.

"ತಪ್ಪು ತಿಳ್ಕೋಬೇಡಿ ಸಾರ್. ಮಂಗಳವಾರ ಊರಿಗೆ ಹೋಗ್ತಾ ನಿಮ್ಮ ಮನೆಯವರು ಅಂಗಡಿಗೆ ಬಂದಿದ್ರು. ಐದು ನಿಮಿಷ ನೋಡಿ ಇದನ್ನ ಆರಿಸಿ, 'ಭಾನುವಾರ ಸಂಜೆ ತಂದು ನೆಡಿ, ಅವರಿಗೆ ಮಾತ್ರ ಹೇಳಬೇಡಿ' ಅಂದ್ರು."

"ಹಾಗಾದ್ರೆ ನನ್ನನ್ನ ಯಾಕೆ ನಿಲ್ಲಿಸಿದ್ರಿ?"

ಸಸಿಯಕ್ಕ ತಲೆ ತಗ್ಗಿಸಿದಳು. "ಭಾನುವಾರ ನನ್ನ ಅಂಗಡೀಲಿ ಜನ ಜಾಸ್ತಿ ಸಾರ್. ನೀವು ಬಂದು ನಿಂತ್ರೆ ಹಿಂದೆ ಸಾಲು ಬೆಳೆಯುತ್ತೆ. ಈ ಮಾತು ಇದಕ್ಕೆ ಮುಂಚೆನೂ ಸುಮಾರು ಜನಕ್ಕೆ ಹೇಳಿ ಕಳಿಸಿದ್ದೀನಿ. ಮಾಡಿದವರು ನೀವೊಬ್ಬರೇ. ಅದೂ ಅಲ್ಲದೆ, ಸರಿಯಾಗಿಯೇ ಹೇಳಿದ್ರಿ. ನಾನೇ ಬಂದು ನೋಡಿದ್ರೂ ಇದನ್ನೇ ಹೇಳ್ತಿದ್ದೆ."

ಅಷ್ಟರಲ್ಲಿ ಹೆಂಡತಿ ಚೀಲ ಹಿಡಿದು ಗೇಟಿನೊಳಗೆ ತೂರಿ ಬಂದರು. ಎಲ್ಲರೂ ಒಟ್ಟಿಗೆ ಹೇಳಿದ್ದನ್ನು ಒಂದೊಂದಾಗಿ ಕೇಳಿದರು. ಸುಟ್ಟ ಪಾತ್ರೆ ನೋಡಿದರು. ವಾಲಿದ ಗೇಟು ನೋಡಿದರು. ಕೊನೆಗೆ ಗಂಡನನ್ನು ನೋಡಿದರು. ಬೈಗುಳ ಬರುತ್ತದೆಂದು ಎಲ್ಲರೂ ಕಾದರೆ, ಆಕೆ ಸೆರಗಿನಿಂದ ಗಂಡನ ಕನ್ನಡಕ ಒರೆಸಿ ಮತ್ತೆ ಹಾಕಿದರು.

"ನನಗೆ ಐದು ನಿಮಿಷ ಸಾಕಾಯ್ತು ನಿಜ. ಆದ್ರೆ ನನಗೋಸ್ಕರ ಇಡೀ ದಿನ ಬಿಸಿಲಲ್ಲಿ ನಿಂತು ಅದನ್ನೇ ಆರಿಸಿದ್ರಲ್ಲ. ಇದೇ ದೊಡ್ಡದು ಕಣ್ರೀ."

ನೋಡೋಣಪ್ಪನವರನ್ನು ಕೆಸರಿನಿಂದ ಮೂವರು ಎಳೆದು ತೆಗೆದರು, ಒಂದು ಚಪ್ಪಲಿ ಗುಂಡಿಗೇ ಗೊಬ್ಬರವಾಯಿತು. ನಂದಿಬಟ್ಟಲು ಆ ಜಾಗದಲ್ಲಿ ನಿಂತಿತು, ಮೇಸ್ತ್ರಿಗೆ ಬರಬೇಡವೆಂದು ಹೇಳಿಕಳಿಸಿದ್ದಾಯಿತು. ಸಸಿಯಕ್ಕ ಗೋಡೆ ಮುಟ್ಟಿ ನೋಡಿದಳು. "ಸಾರ್ ಹೇಳಿದ್ದು ಸರಿ, ಈಗಲೂ ಸುಡ್ತಿದೆ. ಬೇರು ಹಿಡಿಯೋವರೆಗೂ ಮೂರು ತಿಂಗಳು, ಮಧ್ಯಾಹ್ನ ಎರಡರಿಂದ ಐದರವರೆಗೆ ಇದಕ್ಕೆ ನೆರಳು ಬೇಕು. ಬೀದಿ ಕಡೆಗೆ ಗೋಣಿ ಕಟ್ಟಿ."

"ವಾರದ ದಿನ ಇವರು ಅಂಗಡೀಲಿರ್ತಾರೆ, ಕಟ್ಟೋಣ" ಎಂದರು ಹೆಂಡತಿ. "ಭಾನುವಾರ ಮಾತ್ರ ಬೇಡ. ಇಷ್ಟು ದಿನ ಪೈಪು ನೋಡಿದ್ದು ಸಾಕು, ಇನ್ನು ಗೋಣಿ ಬೇರೆ ನೋಡ್ಲಾ?"

"ಗೋಣಿ ಯಾಕೆ?" ಎಂದರು ಮೇಷ್ಟ್ರು. "ಇವರ ನೆರಳು ನಾನೇ ಪರೀಕ್ಷೆ ಮಾಡಿದ್ದೀನಿ. ಒಳ್ಳೇ ದಟ್ಟವಾಗಿದೆ."

"ಇನ್ನೂ ಎರಡು ಪರದೆ ಬಾಕಿ ಇದೆ" ಎಂದಳು ಟೈಲರಮ್ಮ.

ಮುಂದಿನ ಭಾನುವಾರ ಎರಡು ಗಂಟೆಗೆ ನೋಡೋಣಪ್ಪನವರು ನಂದಿಬಟ್ಟಲಿನ ಮುಂದೆ ಕೈ ಚಾಚಿ ನಿಂತಿದ್ದರು. ಬಲಗೈ ಮೇಲೆ ಹಸಿರು ಪರದೆ, ಪಕ್ಕದಲ್ಲಿ ಮೇಷ್ಟ್ರ ಕುರ್ಚಿ. ಬೆನ್ನ ಹಿಂದೆ ಎರಡು ಹೂವು ಅರಳಿದ್ದವು. ಕಿಟಕಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಒಮ್ಮೆ ಹೂವು ನೋಡುತ್ತಿದ್ದರು, ಒಮ್ಮೆ ಗಂಡನ ಬೆನ್ನು ನೋಡುತ್ತಿದ್ದರು. ಎರಡೂ ಚೆನ್ನಾಗಿಯೇ ಕಾಣುತ್ತಿದ್ದವು.

ನೋಡೋಣಪ್ಪನವರು ಕತ್ತು ತಿರುಗಿಸಿ ಕೇಳಿದರು: "ಲೇ, ಇವತ್ತು ಬಿಸಿಲು ಅಷ್ಟೇನಿಲ್ಲ. ಇನ್ನು ಒಳಗೆ ಬರ್ಲಾ?"

ಹೆಂಡತಿ ಆಕಾಶ ನೋಡಿದರು, ಗಿಡ ನೋಡಿದರು, ಮತ್ತೆ ಗಂಡನನ್ನು ನೋಡಿದರು.

"ನೋಡೋಣ" ಎಂದರು.