ಬೀಗರು ತಂದ ಜಿಲೇಬಿ

ಎಲ್ಲ ಅನಾಹುತಕ್ಕೂ ವಾಡಿಯಿಂದ ಬಂದ ಒಂದು ಕಿಲೋ ಜಿಲೇಬಿಯೇ ಕಾರಣ.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಗುಲಾಮ ದಸ್ತಗೀರ ಡೆಂಗಿ ಹಿಡಿದು ಆಸ್ಪತ್ರೆ ಸೇರಿ ಐದು ದಿನವಾಗಿತ್ತು. ಹತ್ತು ವರ್ಷದ ಹಳೆಯ ಸಕ್ಕರೆ ಕಾಯಿಲೆ ಜ್ವರದ ಜೊತೆ ಸೇರಿಕೊಂಡು ಕುಣಿದಿತ್ತು. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಂಡು ಅವನ ಬೆರಳುಗಳು ಜರಡಿಯಾಗಿದ್ದವು. ಅಂತೂ ಜ್ವರ ಬಿಟ್ಟು, ಸಕ್ಕರೆ ಇನ್ನೂರಕ್ಕೆ ಇಳಿದಿತ್ತು. ಮಧ್ಯಾಹ್ನವೂ ಅಷ್ಟೇ ಇದ್ದರೆ ನಾಳೆ ಮನೆಗೆ, ಮುನ್ನೂರು ದಾಟಿದರೆ ಕಲಬುರಗಿಗೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ನಾಡಿದ್ದು ಶುಕ್ರವಾರ ಮಗಳು ತಬಸ್ಸುಮಳ ನಿಕಾಹ್. ತಾನಿಲ್ಲದೆಯೇ ಅದು ನಡೆದುಹೋದೀತೆಂಬ ಭಯಕ್ಕೆ ಅವನು ಸಪ್ಪೆ ಗಂಜಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ವಾಡಿಯ ಬೀಗರಾದ ಅಬ್ದುಲ್ ಕರೀಮ್ ಸಾಹೇಬರು ಜಿಲೇಬಿ ಡಬ್ಬಿ ಹಿಡಿದು ಬಂದರು. ಹೆಣ್ಣಿನ ತಂದೆ ಕೈಯಾರೆ ಎಲ್ಲರ ಬಾಯಿ ಸಿಹಿ ಮಾಡಬೇಕು, ಅದು ಅವರ ಮನೆತನದ ರಿವಾಜು.

"ನೀವ್ ತಿನಬ್ಯಾಡ್ರಿ, ಹಂಚ್ರಿ ಸಾಕು," ಎಂದರು.

ದಸ್ತಗೀರ ಹಂಚಿದ. ಹೆಂಡತಿ ಸೈದಾನಬಿಗೆ, ಪಕ್ಕದ ಮಂಚದ ವಿಠೋಬನಿಗೆ, ವಾರ್ಡಿಗೆಲ್ಲ. ಪಾಕ ಮುಂಗೈವರೆಗೆ ಇಳಿಯಿತು. ಒಂದು ಚೂರನ್ನೂ ನಾಲಿಗೆಗೆ ಸೋಕಿಸದೆ, ಲುಂಗಿಗೆ ಕೈ ಒರೆಸಿಕೊಂಡು ಮಲಗಿದ. ಉಳಿದ ನಾಲ್ಕನ್ನು ಸೈದಾನಬಿ ಮಗಳಿಗೆಂದು ಎತ್ತಿಟ್ಟಳು.

ಬೀಗರು ರೈಲು ಹಿಡಿಯಲು ಹೊರಟರು. ಸಿಸ್ಟರ್ ಕರುಣಾ ಬಂದು ಅವಸರದಲ್ಲಿ ಬೆರಳು ಚುಚ್ಚಿದಳು. ನಾನೂರ ಅರವತ್ತು.

ಮೂರು ಜಿಲೇಬಿ ತಿಂದಿದ್ದ ವಿಠೋಬ ಎದ್ದು ಕುಳಿತ. "ನಾ ನೋಡೀನಿ, ಹಂಚೋವಾಗ ಇವರ ದವಡಿ ಅಲ್ಲಾಡಾಕತ್ತಿತ್ತು."

ದಸ್ತಗೀರ ಆಣೆ ಮಾಡಿದ, ಗೋಗರೆದ. ಯಾರೂ ನಂಬಲಿಲ್ಲ. "ಮಗಳಿಗಿಂತ ಜಿಲೇಬಿ ಹೆಚ್ಚಾತೇನ್ರಿ ನಿಮಗ?" ಎಂದು ಸೈದಾನಬಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದಳು. ಕರುಣಾ ಡಾಕ್ಟರಿಗೆ ಸುದ್ದಿ ಮುಟ್ಟಿಸಲು ಓಡಿದಳು. ಕಲಬುರಗಿಯ ಗಾಡಿ ಬಾಗಿಲಿಗೆ ಬಂದು ನಿಂತಿತು.

ದಸ್ತಗೀರ ರೋಸಿಹೋದ. ಐದು ದಿನ ಸಪ್ಪೆ ಗಂಜಿ ಕುಡಿದದ್ದಕ್ಕೆ ಇದೇ ಇನಾಮು. ನಿಕಾಹ್ ಅಂತೂ ತಪ್ಪಿತು, ಕೆಟ್ಟ ಹೆಸರೂ ಬಂತು. ವಿಠೋಬ ಆಚೆ ಮಗ್ಗುಲಿಗೆ ಹೊರಳಿದ್ದನ್ನು ನೋಡಿ ಡಬ್ಬಿಗೆ ಕೈ ಹಾಕಿದ. ನಾಲ್ಕೂ ಜಿಲೇಬಿ ಒಂದರ ಹಿಂದೊಂದು ಒಳಗೆ ಹೋದವು.

ಅರ್ಧ ಗಂಟೆಯ ಮೇಲೆ ಕರುಣಾ ಸಾಬೂನು, ಬೋಗುಣಿ ಹಿಡಿದು ಬಂದಳು. ಅವಳ ಹಿಂದೆಯೇ ಸೈದಾನಬಿ.

"ತಪ್ಪು ನಂದೇ ಅದರಿ ಚಾಚಾ. ಬೆರಳಿಗಿ ಪಾಕ ಇದ್ರ ಮೆಷಿನ್ ಸುಳ್ಳು ಹೇಳ್ತದ. ಕೈ ತೊಳಸಿ ಮತ್ತ ನೋಡು ಅಂದಾರ ಡಾಕ್ಟರು. ಗಾಡಿನೂ ನಿಂದರಸ್ಯಾರ."

ದಸ್ತಗೀರ ಎರಡೂ ಕೈಗಳನ್ನು ಚಾದರದೊಳಗೆ ಸೇರಿಸಿದ. "ಇರ್ಲಿ ಬಿಡವ್ವ. ಕಲಬುರಗಿಗೇ ಹೋಗ್ತೀನಿ."

ಮುನಿಸೆಂದುಕೊಂಡ ಸೈದಾನಬಿ ಅವನ ಕೈ ಎಳೆದುಕೊಂಡು, ಹಸುಗೂಸಿಗೆ ತೊಳೆದಂತೆ ತಾನೇ ತೊಳೆದಳು. "ಸಿಟ್ಟು ಬಿಡ್ರಿ. ನಿಮ್ ಮಾತ ನಂಬಲಿಲ್ಲ, ನಂದ ತಪ್ಪಾತು."

ನಾನೂರ ಹನ್ನೆರಡು.

ಈಗ ಯಾರೂ ಮೆಷಿನ್ನನ್ನು ನಂಬಲಿಲ್ಲ. ಎಡಗೈ ನೋಡಿರೆಂದು ವಿಠೋಬನೇ ಸಲಹೆ ಕೊಟ್ಟ. ನಾನೂರ ಮೂವತ್ತು.

"ಮೆಷಿನ್ನೇ ಕೆಟ್ಟದ," ಎಂದಳು ಸೈದಾನಬಿ. "ನನ್ ಗಂಡ ಮುಟ್ಟಿಲ್ಲ. ಎಣಿಸಿಟ್ಟೀನಿ, ನಾಕೂ ಹಂಗೇ ಅವ, ನೋಡ್ರಿ." ಎಲ್ಲರ ಮುಂದೆ ಡಬ್ಬಿಯ ಮುಚ್ಚಳ ತೆಗೆದಳು.

ದಸ್ತಗೀರ ಮೆಲ್ಲಗೆ ಮಂಚದಿಂದಿಳಿದು ಚಪ್ಪಲಿ ಹುಡುಕತೊಡಗಿದ. "ಸಿಸ್ಟರ್, ಗಾಡಿ ಇನ್ನಾ ಹೋಗಿಲ್ಲಲ್ಲ?"